ಡಯಾಲಿಸಿಸ್ ಕೋಣೆಯಲ್ಲಿ ಕೈಮಾತು: ಒಂದು ಚಾರಿತ್ರಿಕ ಟಿಪ್ಪಣಿ

ಈ ಸಲ ನಾನು ಬರೆಯಹೊರಟಿರುವ ವಿಷಯ ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಚರಿತ್ರೆಯ ಮೇಷ್ಟರಿಗೂ ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೂ ಏನು ಸಂಬಂಧವೆಂದು ಕೇಳುವವರೂ ಇರಬಹುದು. ಸಂಬಂಧ ಇಷ್ಟೇ. ನನ್ನ ಬಳಿ ಓದಿದ ಹೆಣ್ಣುಮಕ್ಕಳಲ್ಲಿ ಹಲವರು ಶುಶ್ರೂಷಾ ವೃತ್ತಿಯನ್ನು ಹಿಡಿದಿದ್ದಾರೆ. ಅವರಲ್ಲೊಬ್ಬಳು ಮೂತ್ರಪಿಂಡ ವಿಭಾಗದಲ್ಲಿದ್ದಾಳೆ. ಕಿವಿ ಕೇಳದ, ಮಾತೂ ಬಾರದ ರೋಗಿಯೊಬ್ಬರು ತನ್ನ ಪಾಳಿಗೆ ಬಂದಿದ್ದಾರೆಂದೂ, ನಾಲ್ಕು ಗಂಟೆಯ ಕಾಲ ಅವರಿಗೆ ಏನಾಗುತ್ತಿದೆಯೆಂದು ತಿಳಿಯದೆ ತನಗೆ ದಿಗಿಲಾಗುತ್ತದೆಂದೂ ಬರೆದು, "ಹಿಂದಿನವರು ಇಂಥವರನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಸಾರ್?" ಎಂದು ಕೇಳಿದ್ದಳು. ಪ್ರಶ್ನೆ ವೈದ್ಯಕೀಯದ್ದಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. "ಹಿಂದಿನವರು" ಎಂದಿದ್ದರಿಂದ ಸುಮ್ಮನಿರಲಾಗಲಿಲ್ಲ.

ಮೊದಲು ಆ ದಿಗಿಲು ಏಕೆಂದು ಹೇಳಬೇಕು. ಮೂತ್ರಪಿಂಡಗಳು ಸೋತಾಗ ರಕ್ತವನ್ನು ನಳಿಕೆಯ ಮೂಲಕ ಹೊರತಂದು, ತೆಳುಪೊರೆಯಲ್ಲಿ ಸೋಸಿ, ಮರಳಿ ದೇಹಕ್ಕೆ ಸೇರಿಸುವುದೇ ಡಯಾಲಿಸಿಸ್. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಮೈಯಲ್ಲಿ ಸೇರಿದ ಹೆಚ್ಚಿನ ನೀರನ್ನು ಆ ಅಲ್ಪಾವಧಿಯಲ್ಲಿಯೇ ತೆಗೆಯಬೇಕಾದ್ದರಿಂದ ರಕ್ತದೊತ್ತಡ ಹಠಾತ್ತನೆ ಇಳಿಯುವುದುಂಟು, ಮೀನಖಂಡ ಹಿಡಿದುಕೊಳ್ಳುವುದುಂಟು. ಯಂತ್ರವು ಆಗಾಗ ಒತ್ತಡವನ್ನು ಅಳೆಯುತ್ತದೆ ನಿಜ. ಆದರೆ ಎರಡು ಅಳತೆಗಳ ನಡುವೆ ಎಚ್ಚರಿಕೆ ಕೊಡುವುದು ರೋಗಿಯ ಬಾಯಿ. "ಸಿಸ್ಟರ್, ತಲೆ ತಿರುಗುತ್ತಿದೆ", "ಕಾಲು ಸೆಳೆಯುತ್ತಿದೆ". ಈ ಎರಡು ಮಾತುಗಳ ಮೇಲೆ ಇಡೀ ಕೋಣೆಯ ಕ್ಷೇಮ ನಿಂತಿದೆ ಎಂದರೆ ಅತಿಶಯವಲ್ಲ. ಆ ಮಾತೇ ಬಾರದಿದ್ದರೆ? ಮೂಗ ಬೆಲ್ಲ ತಿಂದಂತೆ ಎಂಬ ಗಾದೆಯನ್ನು ನಾವು ಸವಿಯ ವಿಷಯದಲ್ಲಿ ಬಳಸುತ್ತೇವೆ. ನೋವಿನ ವಿಷಯದಲ್ಲಿ ಅದು ಗಾದೆಯಾಗಿ ಉಳಿಯುವುದಿಲ್ಲ.

ಕಿವುಡ ರೋಗಿಯ ಹಾಸಿಗೆಯ ಬಳಿ ನಡೆದ ಮಾತುಕತೆ ದಾಖಲೆಯಾಗಿ ಉಳಿದಿರುವ ಅತ್ಯಂತ ಪ್ರಸಿದ್ಧ ಪ್ರಸಂಗ ವಿಯೆನ್ನಾ ನಗರದ್ದು. ಸಂಗೀತಗಾರ ಬೀಥೋವನ್ 1826ರ ಡಿಸೆಂಬರಿನಲ್ಲಿ ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತ್ತು. 1827ರ ಮಾರ್ಚ್ 26ರಂದು ತೀರಿಕೊಳ್ಳುವಷ್ಟರಲ್ಲಿ ವೈದ್ಯರು ನಾಲ್ಕು ಸಲ ಹೊಟ್ಟೆಗೆ ರಂಧ್ರ ಮಾಡಿ ಆ ನೀರನ್ನು ಹರಿಸಿದ್ದರು. ಮೂಲ ಕಾಯಿಲೆ ಯಕೃತ್ತಿನದು. ಶವಪರೀಕ್ಷೆಯಲ್ಲಿ ಮೂತ್ರಪಿಂಡಗಳೊಳಗೂ ಬಟಾಣಿ ಗಾತ್ರದ ಸುಣ್ಣದ ಗಂಟುಗಳು ಕಂಡವು. ಅಷ್ಟುಹೊತ್ತಿಗೆ ಅವರಿಗೆ ಕಿವಿ ಪೂರ್ತಿ ಹೋಗಿ ವರ್ಷಗಳಾಗಿದ್ದವು. ಬಂದವರು ಹೇಳಬೇಕಾದುದನ್ನು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ಅವರು ಓದಿ ಬಾಯಲ್ಲಿ ಉತ್ತರಿಸುತ್ತಿದ್ದರು. ಇಂಥ ಸಂಭಾಷಣಾ ಪುಸ್ತಕಗಳು ನೂರಕ್ಕೂ ಹೆಚ್ಚು ಉಳಿದಿವೆ. ಕೊನೆಯ ತಿಂಗಳುಗಳ ಪುಟಗಳಲ್ಲಿ ಒಂದು ಮಗುವಿನ ಕೈಬರಹ ಕಾಣುತ್ತದೆ. ನೆರೆಮನೆಯ ಗೆಳೆಯನ ಮಗ, ಹದಿಮೂರು ವರ್ಷದ ಗೆರ್ಹಾರ್ಟ್ ಫಾನ್ ಬ್ರಾಯ್‌ನಿಂಗ್, ದಿನವೂ ಬಂದು ಕುಳಿತು ಬರೆದು ಬರೆದು ವಿಚಾರಿಸುತ್ತಿದ್ದ. ಮುಂದೆ ಈ ಹುಡುಗ ವೈದ್ಯನಾದ. 1874ರಲ್ಲಿ ಆ ಮನೆಯ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದ.

ಈ ಪುಸ್ತಕಗಳಲ್ಲಿ ನನ್ನ ಗಮನ ಸೆಳೆಯುವುದು ಅವುಗಳ ಅಪೂರ್ಣತೆ. ಕೇಳಿದವರ ಪ್ರಶ್ನೆಗಳಷ್ಟೇ ಕಾಗದದ ಮೇಲಿವೆ, ರೋಗಿಯ ಉತ್ತರಗಳು ಗಾಳಿಗೆ ಹೋಗಿವೆ. ಬೀಥೋವನ್ ಮಾತು ಬಲ್ಲವರಾಗಿದ್ದರು, ಓದು ಬಲ್ಲವರಾಗಿದ್ದರು, ಸುತ್ತ ಗೆಳೆಯರಿದ್ದರು. ಕಿವಿ ಕೇಳದ ರೋಗಿಗೆ ಇದಕ್ಕಿಂತ ಒಳ್ಳೆಯ ಸ್ಥಿತಿ ಆ ಶತಮಾನದಲ್ಲಿ ಸಾಧ್ಯವಿರಲಿಲ್ಲ. ಹುಟ್ಟಿನಿಂದ ಕಿವುಡಾಗಿ, ಶಾಲೆಯ ಮುಖ ಕಾಣದೆ ಯಾವುದೋ ಧರ್ಮಾಸ್ಪತ್ರೆಯ ಮೂಲೆಯಲ್ಲಿ ನೀರು ತುಂಬಿ ಸತ್ತವರ ಪುಸ್ತಕವನ್ನು ಯಾರೂ ಬರೆದಿಡಲಿಲ್ಲ. ಬೀಥೋವನ್ ತೀರಿಕೊಂಡ ಅದೇ 1827ರಲ್ಲಿ ಲಂಡನ್ನಿನ ರಿಚರ್ಡ್ ಬ್ರೈಟ್ ಎಂಬ ವೈದ್ಯರು ಮೈ ಬಾತುಕೊಳ್ಳುವುದಕ್ಕೂ ಮೂತ್ರಪಿಂಡದ ರೋಗಕ್ಕೂ ಇರುವ ಸಂಬಂಧವನ್ನು ತಮ್ಮ ಗ್ರಂಥದಲ್ಲಿ ಪ್ರಕಟಿಸಿದರು. ರೋಗಕ್ಕೆ ಹೆಸರು ಸಿಕ್ಕಿತು. ಚಿಕಿತ್ಸೆ ಸಿಗಲು ಇನ್ನೂ ನೂರು ವರ್ಷ ಹಿಡಿಯಿತು.

ನಡುವಣ ಕಾಲವನ್ನು ಬೇಗ ದಾಟೋಣ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ದಾದಿಯರ ಶಾಲೆಯನ್ನು ಆರಂಭಿಸಿದರು. ಅದೇ ಸುಮಾರಿನಲ್ಲಿ ಬಂದ ಅವರ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕಾಗಿಯೇ ಒಂದು ಅಧ್ಯಾಯವಿದೆ. ಕಣ್ಣಿಟ್ಟು ನೋಡುವ ಅಭ್ಯಾಸವಿಲ್ಲದವಳು ದಾದಿಯಾಗಲಾರಳೆಂಬುದು ಅದರ ತಿರುಳು. 1861ರಲ್ಲಿ ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞರು ಪೊರೆಯ ಮೂಲಕ ಸೋಸುವ ಕ್ರಿಯೆಗೆ ಡಯಾಲಿಸಿಸ್ ಎಂಬ ಹೆಸರಿಟ್ಟರು. 1924ರಲ್ಲಿ ಜರ್ಮನಿಯ ಗೀಸೆನ್ ನಗರದಲ್ಲಿ ಗೆಯೋರ್ಗ್ ಹಾಸ್ ಮೊದಲ ಬಾರಿಗೆ ಮನುಷ್ಯನ ಮೇಲೆ ಅದನ್ನು ಪ್ರಯೋಗಿಸಿದರು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪನ್ ಎಂಬ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ಯುವ ವೈದ್ಯರು ಮಾಂಸದ ಸಾಸೇಜಿಗೆ ಹೊದಿಸುವ ಸೆಲೋಫೇನ್ ಕೊಳವೆಯನ್ನು ಮರದ ಪೀಪಾಯಿಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ಕಟ್ಟಿದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಸೋಫಿಯಾ ಷಾಫ್‌ಸ್ಟಾಟ್ ಎಂಬ ಮಹಿಳೆ ಪ್ರಜ್ಞಾಹೀನ ಸ್ಥಿತಿಯಿಂದ ಎಚ್ಚೆತ್ತರು. ಕಣ್ಣು ತೆರೆದು ಆಕೆ ಆಡಿದ ಮೊದಲ ಮಾತು ತಾನು ಗಂಡನಿಗೆ ವಿಚ್ಛೇದನ ಕೊಡುವೆನೆಂಬುದಾಗಿತ್ತೆಂದು ಕೋಲ್ಫ್ ಮುಂದೆ ಹೇಳುತ್ತಿದ್ದರು. ನಗುವ ವಿಷಯವೇ. ಆದರೆ ಗಮನಿಸಿ: ಯಂತ್ರ ಗೆದ್ದಿತೆಂಬುದಕ್ಕೆ ಎಲ್ಲರೂ ನೆನಪಿಟ್ಟುಕೊಂಡ ಸಾಕ್ಷಿ ರೋಗಿಯ ಮಾತು. ಹೀಗೆ ಆರಂಭದಿಂದಲೂ ಆ ಕೋಣೆ ಮಾತನ್ನು ನಂಬಿಕೊಂಡು ಬಂದಿದೆ.

ಇನ್ನು 1960. ಈ ಇಸವಿಯನ್ನು ನನ್ನ ತರಗತಿಯಲ್ಲಿದ್ದವರು ಗುರುತು ಹಾಕಿಕೊಳ್ಳಲೇಬೇಕು.

ಆವರೆಗೆ ಡಯಾಲಿಸಿಸ್ ಕೆಲವು ಸಲಕ್ಕಷ್ಟೇ ಸಾಧ್ಯವಿತ್ತು. ಪ್ರತಿ ಸಲವೂ ಹೊಸ ರಕ್ತನಾಳವನ್ನು ಕತ್ತರಿಸಬೇಕಾಗಿತ್ತು, ನಾಳಗಳು ಮುಗಿದೇಹೋಗುತ್ತಿದ್ದವು. ಅಮೆರಿಕದ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯೊಂದನ್ನು ರೋಗಿಯ ಮುಂಗೈಯಲ್ಲಿಯೇ ಶಾಶ್ವತವಾಗಿ ನಿಲ್ಲಿಸುವ ಉಪಾಯವನ್ನು ಕಂಡರು. 1960ರ ಮಾರ್ಚ್ 9ರಂದು ಕ್ಲೈಡ್ ಷೀಲ್ಡ್ಸ್ ಎಂಬ ಯಂತ್ರ ಕಾರ್ಮಿಕನಿಗೆ ಅದನ್ನು ಅಳವಡಿಸಿದರು. ಆತ ಮುಂದೆ ಹನ್ನೊಂದು ವರ್ಷ ಬದುಕಿದ. ಸಾವಿನ ರೋಗ ಬಾಳಿನುದ್ದದ ರೋಗವಾಯಿತು. 1962ರಲ್ಲಿ ಸಿಯಾಟಲ್‌ನಲ್ಲಿ ಹೊರರೋಗಿಗಳ ಡಯಾಲಿಸಿಸ್ ಕೇಂದ್ರ ತೆರೆಯಿತು. ಯಂತ್ರಗಳು ಕೆಲವೇ, ರೋಗಿಗಳು ಅನೇಕ. ಯಾರನ್ನು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸಲು ಊರಿನ ಏಳು ಮಂದಿಯ ಸಮಿತಿಯೊಂದು ಕುಳಿತಿತು. ಅವರ ಹೆಸರು ಗುಪ್ತವಾಗಿತ್ತು. ವಯಸ್ಸು, ವರಮಾನ, ಸಂಸಾರ, ವಿದ್ಯೆ, ಸಮಾಜಕ್ಕೆ ಆಗುವ ಉಪಯೋಗ ಎಲ್ಲವನ್ನೂ ಅವರು ತೂಗಿದರು. ಆ ವರ್ಷದ ನವೆಂಬರಿನಲ್ಲಿ 'ಲೈಫ್' ಪತ್ರಿಕೆಯಲ್ಲಿ ಷಾನಾ ಅಲೆಗ್ಸಾಂಡರ್ ಅದನ್ನು ಬಯಲಿಗೆ ತಂದಾಗ ದೇಶವೇ ಬೆಚ್ಚಿತು. ಆ ತಕ್ಕಡಿಯಲ್ಲಿ ಮಾತು ಬಾರದ ಕೂಲಿಯವನೊಬ್ಬನನ್ನು ಇಟ್ಟಿದ್ದರೆ ಮುಳ್ಳು ಯಾವ ಕಡೆಗೆ ವಾಲುತ್ತಿತ್ತೆಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಅದೇ 1960ರಲ್ಲಿ, ಅದೇ ದೇಶದ ಇನ್ನೊಂದು ತುದಿಯಲ್ಲಿ, ವಾಷಿಂಗ್ಟನ್ನಿನ ಕಿವುಡರ ಕಾಲೇಜಾದ ಗ್ಯಾಲೊಡೆಟ್‌ನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ವಿಲಿಯಂ ಸ್ಟೋಕಿ ಒಂದು ಸಣ್ಣ ಪ್ರಬಂಧವನ್ನು ಅಚ್ಚು ಹಾಕಿಸಿದರು. ತಮ್ಮ ವಿದ್ಯಾರ್ಥಿಗಳು ಕೈಯಾಡಿಸುವುದು ಮೂಕಾಭಿನಯವಲ್ಲ, ಅದಕ್ಕೆ ತನ್ನದೇ ಆದ ವ್ಯಾಕರಣವಿದೆ, ಅದು ಸಂಪೂರ್ಣವಾದ ಭಾಷೆ ಎಂಬುದು ಅವರ ವಾದ. ಸಹೋದ್ಯೋಗಿಗಳು ನಕ್ಕರು. ಇದು ಏಕೆ ಹೊಸ ಮಾತಾಗಿತ್ತೆಂದು ತಿಳಿಯಬೇಕಾದರೆ 1880ಕ್ಕೆ ಹೋಗಬೇಕು. ಆ ವರ್ಷ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ಸೇರಿ, ಮಕ್ಕಳಿಗೆ ಬಾಯಿಮಾತನ್ನೇ ಕಲಿಸಬೇಕು, ಕೈಸನ್ನೆಗಳನ್ನು ಬಿಡಿಸಬೇಕೆಂದು ನಿರ್ಣಯಿಸಿತು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಆಮೇಲೆ ಮೂರು ತಲೆಮಾರಿನ ಮಕ್ಕಳು ತರಗತಿಯಲ್ಲಿ ಕೈ ಎತ್ತಿದರೆ ಶಿಕ್ಷೆ ಉಂಡರು. ಹಾಗೆ ಮಾಡಿದವರು ಬೇರೆ ಯಾರೂ ಅಲ್ಲ, ನಮ್ಮ ವೃತ್ತಿಯವರು. ಅದೇ ಸಮ್ಮೇಳನದ ಪರಂಪರೆ 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದಾಗ ಹಳೆಯ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿತು. ನೂರಮೂವತ್ತು ವರ್ಷಗಳಾಗಿದ್ದವು.

ಆಸ್ಪತ್ರೆಗೆ ಇದರಿಂದ ಏನಾಯಿತೆಂದರೆ, ಕೈಮಾತನ್ನೂ ಪೂರ್ತಿ ಕಲಿಯದ, ಬಾಯಿಮಾತೂ ಹತ್ತದ, ಓದುಬರಹವೂ ಅರ್ಧಂಬರ್ಧವಾದ ಜನ ವಯಸ್ಸಾಗಿ ರೋಗಿಗಳಾಗಿ ಬಂದರು. ದಾದಿ ಸದುದ್ದೇಶದಿಂದಲೇ ಕಾಗದ, ಪೆನ್ಸಿಲು ಕೊಡುತ್ತಾಳೆ. ಅವರು ತಲೆಯಾಡಿಸುತ್ತಾರೆ. ಅರ್ಥವಾಯಿತೆಂದು ಆಕೆ ಬರೆದುಕೊಳ್ಳುತ್ತಾಳೆ. ಹುಟ್ಟುಕಿವುಡರಿಗೆ ಕನ್ನಡವಾಗಲಿ ಇಂಗ್ಲಿಷಾಗಲಿ ಕಿವಿಯಿಂದ ಬಂದ ತಾಯ್ನುಡಿಯಲ್ಲ, ಕಣ್ಣಿನಿಂದ ಕಷ್ಟಪಟ್ಟು ಕಲಿತ ಎರಡನೆಯ ಭಾಷೆ. ತಲೆಯಾಡಿಸುವುದು ಬಹುಮಟ್ಟಿಗೆ ವಿನಯ. ನಾಲ್ಕು ದಶಕ ತರಗತಿಯಲ್ಲಿ ತಲೆಯಾಡಿಸುವವರನ್ನು ಕಂಡವನಾದ್ದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ.

ತುಟಿ ನೋಡಿ ತಿಳಿಯುತ್ತಾರಲ್ಲ ಎನ್ನುವಿರಿ. ಕನ್ನಡಿಯ ಮುಂದೆ ನಿಂತು 'ಬಾವು' ಎನ್ನಿ, 'ಮಾವು' ಎನ್ನಿ. ತುಟಿಯಲ್ಲಿ ಏನಾದರೂ ವ್ಯತ್ಯಾಸ ಕಂಡಿತೆ? ಮೂತ್ರಪಿಂಡದ ರೋಗಿಯನ್ನು ದಾದಿ ಪ್ರತಿದಿನ ಕೇಳಬೇಕಾದ ಪ್ರಶ್ನೆ ಕಾಲಿನ ಬಾವಿನದು. ಎಚ್ಚರಿಸಬೇಕಾದುದು ಪೊಟ್ಯಾಸಿಯಂ ಇರುವ ಮಾವಿನಂಥ ಹಣ್ಣಿನ ವಿಷಯದಲ್ಲಿ. 2020ರ ಕೊರೋನಾ ಕಾಲದಲ್ಲಿ ಮುಖಗವುಸು ಬಂದು ತುಟಿಯೂ ಮರೆಯಾಯಿತು. ಬಾಯಿಯ ಭಾಗ ಪಾರದರ್ಶಕವಾಗಿರುವ ಗವುಸುಗಳನ್ನು ಕೆಲವೆಡೆ ಮಾಡಿ ಹಂಚಿದರು. ಅದು ಒಳ್ಳೆಯದೇ. ಆದರೆ ಬಾವು ಮಾವುಗಳ ತೊಡಕನ್ನು ಅದು ಬಿಡಿಸಲಾರದು.

ಮತ್ತೆ ಎರಡು ದಾರಿಗಳ ಕಥೆಗೆ ಬರೋಣ. 1971ರ ನವೆಂಬರಿನಲ್ಲಿ ಷೆಪ್ ಗ್ಲೇಜರ್ ಎಂಬ ರೋಗಿ ಅಮೆರಿಕದ ಸಂಸತ್ತಿನ ಸಮಿತಿಯ ಎದುರಿನಲ್ಲಿಯೇ ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಿಕೊಂಡು ಕುಳಿತ. ಮರುವರ್ಷ ಶಾಸನವಾಗಿ, 1973ರ ಜುಲೈಯಿಂದ ಡಯಾಲಿಸಿಸ್ ವೆಚ್ಚವನ್ನು ಸರ್ಕಾರ ವಹಿಸಿಕೊಂಡಿತು; ಏಳು ಮಂದಿಯ ತಕ್ಕಡಿಗೆ ಕೆಲಸವಿಲ್ಲವಾಯಿತು. ಅದೇ 1973ರ ಸೆಪ್ಟೆಂಬರಿನಲ್ಲಿ ಪುನರ್ವಸತಿ ಕಾಯಿದೆ ಬಂದು, ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಬಾರದೆಂದು ವಿಧಿಸಿತು. ಇಸವಿಗಳ ಹೊಂದಿಕೆಗೆ ಮರುಳಾಗಬಾರದೆಂದು ನಾನೇ ನಿಮಗೆ ಹೇಳಿಕೊಟ್ಟಿದ್ದೇನೆ. ಇಲ್ಲಿಯೂ ಒಂದರಿಂದ ಇನ್ನೊಂದು ಹುಟ್ಟಲಿಲ್ಲ. ಎರಡು ಹೊಳೆಗಳು ಒಂದೇ ಬಯಲಿನಲ್ಲಿ ಒಂದನ್ನೊಂದು ಕಾಣದೆ ಹರಿದವು, ಅಷ್ಟೆ. ಕಿವುಡ ರೋಗಿ ಸೂಜಿ ಚುಚ್ಚಿಸಿಕೊಳ್ಳಲು ಕುರ್ಚಿಯಲ್ಲಿ ಕುಳಿತಾಗ ಮಾತ್ರ ಅವು ಸೇರುತ್ತವೆ.

ಕಾನೂನು ಇದ್ದ ಮಾತ್ರಕ್ಕೆ ಏನೂ ಆಗದೆಂಬುದಕ್ಕೆ ಕೆನಡಾದ ಪ್ರಸಂಗವೊಂದನ್ನು ಹೇಳಬೇಕು. ಡಯಾಲಿಸಿಸ್‌ನದಲ್ಲದಿದ್ದರೂ ಶುಶ್ರೂಷೆಯದೇ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಲಿಂಡಾ ವಾರನ್ ಎಂಬ ಕಿವುಡ ತಾಯಿಗೆ ಅವಧಿಗೆ ಮುನ್ನ ಅವಳಿ ಮಕ್ಕಳು ಹುಟ್ಟಿದವು. ದುಭಾಷಿ ಇರಲಿಲ್ಲ. ಹೆರಿಗೆಯ ನಡುವೆ ಒಂದು ಮಗುವಿನ ಎದೆಬಡಿತ ಕುಗ್ಗಿದೆಯೆಂದು ದಾದಿ ಕೈಸನ್ನೆ ಮಾಡಿ ತೋರಿಸಿದಳು. ಹುಟ್ಟಿದ ಕೂಡಲೆ ಮಕ್ಕಳನ್ನು ಎತ್ತಿಕೊಂಡು ಹೋದರು. ಚೆನ್ನಾಗಿವೆ ಎಂದು ಚೀಟಿ ಬರೆದು ತೋರಿಸಿದ್ದನ್ನು ಬಿಟ್ಟರೆ ಆ ತಾಯಿಗೆ ಬೇರೇನೂ ತಿಳಿಯಲಿಲ್ಲ. ಆ ದಂಪತಿಗಳೂ, ಮಧುಮೇಹವಿದ್ದ ರಾಬಿನ್ ಎಲ್ಡ್ರಿಜ್ ಎಂಬ ಮತ್ತೊಬ್ಬ ಕಿವುಡ ಮಹಿಳೆಯೂ ನ್ಯಾಯಾಲಯಕ್ಕೆ ಹೋದರು. ದುಭಾಷಿಗಳಿಗೆ ಹಣವಿಲ್ಲವೆಂದು ಸರ್ಕಾರ ವಾದಿಸಿತು. 1997ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಅವರ ಪರವಾಗಿ ತೀರ್ಪಿತ್ತಿತು. ಇಡೀ ಪ್ರಾಂತ್ಯಕ್ಕೆ ಆಗುವ ಖರ್ಚು ಸುಮಾರು 1,50,000 ಡಾಲರ್, ಅಂದರೆ ಆರೋಗ್ಯದ ಆಯವ್ಯಯದಲ್ಲಿ ನೂರಕ್ಕೆ 0.0025 ಭಾಗ ಎಂದು ನ್ಯಾಯಾಲಯವೇ ಲೆಕ್ಕ ತೋರಿಸಿತು. ಆ ದಾದಿ ಕೆಟ್ಟವಳಾಗಿರಲಿಲ್ಲ. ಇದ್ದ ಎರಡು ಕೈಯಿಂದ ಆದಷ್ಟು ಹೇಳಿದಳು. ಮಗುವಿನ ಎದೆ ನಿಲ್ಲುತ್ತಿದೆಯೆಂದು ಹೇಳಬಲ್ಲ ಸನ್ನೆ ಆಕೆಗೆ ಗೊತ್ತಿತ್ತು. ಮುಂದೇನಾಯಿತೆಂದು ಹೇಳಬಲ್ಲ ಭಾಷೆ ಗೊತ್ತಿರಲಿಲ್ಲ.

ಕೈಗಳ ಮಾತು ಬಂದಿತಲ್ಲ, ಈಗ ಡಯಾಲಿಸಿಸ್ ಕೋಣೆಗೇ ವಿಶೇಷವಾದ ಒಂದು ಸಂಕಟಕ್ಕೆ ಬರುತ್ತೇನೆ. 1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಸಿಮಿನೊ ಮತ್ತು ಸಂಗಡಿಗರು ಮುಂಗೈಯ ಅಪಧಮನಿಯನ್ನೂ ಅಭಿಧಮನಿಯನ್ನೂ ಚರ್ಮದೊಳಗೇ ಬೆಸೆಯುವ ಫಿಸ್ಟುಲಾ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಅದೇ ಉತ್ತಮವೆನಿಸಿದೆ. ಆ ತೋಳಿಗೆ ಎರಡು ದಪ್ಪ ಸೂಜಿಗಳನ್ನು ಚುಚ್ಚಿ ಪಟ್ಟಿ ಹಾಕುತ್ತಾರೆ. ನಾಲ್ಕು ಗಂಟೆ ತೋಳನ್ನು ಅಲುಗಿಸಬಾರದು. ನಮಗೆ ನಿಮಗೆ ಇದು ಕಿರಿಕಿರಿ ಮಾತ್ರ. ಕೈಯೇ ನಾಲಗೆಯಾದವರಿಗೆ ಅರ್ಧ ನಾಲಗೆಯನ್ನು ಕಟ್ಟಿಹಾಕಿದಂತೆ.

ಇಲ್ಲಿ ಚರಿತ್ರೆ ಒಂದು ಚೋದ್ಯವನ್ನು ಇಟ್ಟಿದೆ. ಸ್ಪೇನ್ ದೇಶದ ಹುವಾನ್ ಪಾಬ್ಲೊ ಬೊನೆಟ್ 1620ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬೆರಳಿನಿಂದ ಅಕ್ಷರ ತೋರಿಸುವ ಒಂದು ಕೈಯ ವರ್ಣಮಾಲೆಯ ಚಿತ್ರಗಳಿವೆ. ಆ ಒಂಟಿಗೈ ಅಕ್ಷರಗಳು ಫ್ರಾನ್ಸಿಗೆ ಹೋದವು. ಅಲ್ಲಿಂದ ಲೊರಾ ಕ್ಲೆರ್ಕ್ ಎಂಬ ಕಿವುಡ ಶಿಕ್ಷಕರೊಂದಿಗೆ ಹಡಗು ಹತ್ತಿ ಅಮೆರಿಕ ಸೇರಿ, 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ತೆರೆದ ಶಾಲೆಯಲ್ಲಿ ನೆಲೆಯೂರಿದವು. ಬ್ರಿಟನ್ನಿನಲ್ಲಿ ಬೆಳೆದದ್ದು ಎರಡು ಕೈಯ ವರ್ಣಮಾಲೆ. ನಮ್ಮ ಭಾರತೀಯ ಸನ್ನೆಭಾಷೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ತೋರಿಸುವುದೂ ಬಹುಮಟ್ಟಿಗೆ ಎರಡು ಕೈಗಳಿಂದಲೇ. ಫಲವಾಗಿ, ಅಮೆರಿಕದ ಕಿವುಡ ರೋಗಿ ಎಡತೋಳನ್ನು ಯಂತ್ರಕ್ಕೆ ಕೊಟ್ಟು ಬಲಗೈಯೊಂದರಿಂದಲೇ ತನ್ನ ಔಷಧದ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಬಲ್ಲ. ನಮ್ಮ ರೋಗಿ ಹಾಗೆ ಹೇಳಲಾರ. ನಾನೂರು ವರ್ಷದ ಹಿಂದಿನ ಸ್ಪೇನ್ ಪುಸ್ತಕವೊಂದರ ವಂಶಾವಳಿ ಇಲ್ಲಿಯ ಹಾಸಿಗೆಯ ಪಕ್ಕದಲ್ಲಿ ಹೀಗೆ ಬಂದು ನಿಲ್ಲುತ್ತದೆ.

ಆದ್ದರಿಂದ ಶುಶ್ರೂಷೆ ಸೂಜಿ ಚುಚ್ಚುವ ಮೊದಲೇ ಆರಂಭವಾಗಬೇಕು. ಫಿಸ್ಟುಲಾವನ್ನು ರೂಢಿಯಂತೆ ಹೆಚ್ಚು ಬಳಸದ ಕೈಯಲ್ಲಿಯೇ ಮಾಡುತ್ತಾರೆ. ಸನ್ನೆ ಮಾಡುವವರ ಪ್ರಧಾನ ಹಸ್ತ ಯಾವುದೆಂದು ಶಸ್ತ್ರಚಿಕಿತ್ಸಕರಿಗೆ ತಿಳಿಸಬೇಕಾದವಳು ದಾದಿ. ಕೈ ಬಿಡುವಾಗಿರುವಾಗಲೇ ಅಂದಿನ ತೂಕ, ತೆಗೆಯಬೇಕಾದ ನೀರು, ಹಿಂದಿನ ರಾತ್ರಿಯ ಉಸಿರಾಟ ಎಲ್ಲವನ್ನೂ ಮಾತಾಡಿ ಮುಗಿಸಿಕೊಳ್ಳಬೇಕು. ಸೂಜಿ ಕೂತ ಮೇಲೆ ಬೇಕಾಗುವುದು ಒಂಟಿಗೈಯಲ್ಲಿ ತೋರಿಸಬಲ್ಲ ನಾಲ್ಕೈದು ಸಂಕೇತಗಳು: ತಲೆಸುತ್ತು, ಸೆಳೆತ, ಎದೆನೋವು, ಸೂಜಿಯ ನೋವು, ನಿಲ್ಲಿಸಿ. ಅವನ್ನು ರೋಗಿಯೇ ಆರಿಸಬೇಕು, ಎಲ್ಲ ಪಾಳಿಯವರೂ ಕಲಿಯಬೇಕು, ಕಡತದ ಮೊದಲ ಪುಟದಲ್ಲಿ ಅವುಗಳ ಚಿತ್ರವಿರಬೇಕು. ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಇಡಬಾರದು. ಯಂತ್ರದ ಎಚ್ಚರಿಕೆ ಶಬ್ದವಾಗಿಯೂ ದೀಪವಾಗಿಯೂ ಬರುತ್ತದೆ. ಆ ದೀಪ ರೋಗಿಗೂ ಕಾಣುವಂತಿರಲಿ, ಮಿನುಗಿದಾಗ ಏನೆಂದು ಹೇಳಿರಲಿ. ಇಲ್ಲದಿದ್ದರೆ ಎಲ್ಲರೂ ಓಡಿಬರುವುದನ್ನು ಕಂಡು ತಾನು ಸಾಯುತ್ತಿದ್ದೇನೆಂದುಕೊಳ್ಳುವವರಿದ್ದಾರೆ. ತೋಳಿನ ಮೇಲೆ ಕಂಬಳಿ ಹೊದಿಸಬಾರದೆಂಬ ನಿಯಮ ಎಲ್ಲ ರೋಗಿಗಳಿಗೂ ಇದೆ. ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಹರಿಯುವಾಗ ಸೂಜಿ ಜಾರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ. ಕೂಗಿ ಕರೆಯಲಾರದವರ ವಿಷಯದಲ್ಲಿ ಆ ನಿಯಮ ಎರಡು ಪಟ್ಟು. ಒತ್ತಡ ಇಳಿಯುವುದಕ್ಕೆ ಮುನ್ನ ಮೇಲಿಂದ ಮೇಲೆ ಆಕಳಿಕೆ ಬರುವುದುಂಟು, ಹಣೆ ಬೆವರುವುದುಂಟು, ಸುಮ್ಮನಿದ್ದವರು ಚಡಪಡಿಸುವುದುಂಟು. ನೈಟಿಂಗೇಲ್ ಬೇಡಿದ ಕಣ್ಣು ಇದಕ್ಕೇ.

ಕಿವಿ ಕೇಳಿಯೂ ಮಾತು ಬಾರದವರದು ಬೇರೆ ಕಥೆ. ಲಕ್ವ ಹೊಡೆದು ಮಾತು ಹೋದವರಿದ್ದಾರೆ, ಗಂಟಲಿನ ಶಸ್ತ್ರಕ್ರಿಯೆಯಾದವರಿದ್ದಾರೆ. ಇವರ ಹತ್ತಿರ ಜನ ಏಕೋ ಗಟ್ಟಿಯಾಗಿ ಅರಚುತ್ತಾರೆ! ಕೇಳದವರಿಗೂ ಅರಚಿ ಪ್ರಯೋಜನವಿಲ್ಲ, ಕೇಳುವವರಿಗೆ ಅರಚುವ ಅಗತ್ಯವಿಲ್ಲ. ಇನ್ನು ಹುಟ್ಟುಕಿವುಡರನ್ನು ನಾವು 'ಮೂಗ' ಎಂದುಬಿಡುತ್ತೇವೆ. ಅವರಲ್ಲಿ ಹೆಚ್ಚಿನವರ ಕಂಠದಲ್ಲಿ ದೋಷವೇನೂ ಇಲ್ಲ, ಕೇಳದ್ದರಿಂದ ಮಾತು ಮೂಡಲಿಲ್ಲ, ಅಷ್ಟೆ.

ಇಂಥ ರೋಗಿಗಳು ಅಪರೂಪವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಿವಿಗೂ ಮೂತ್ರಪಿಂಡಕ್ಕೂ ನಂಟಿದೆ. 1927ರಲ್ಲಿ ಸೆಸಿಲ್ ಆಲ್ಪೋರ್ಟ್ ಎಂಬ ವೈದ್ಯರು ಒಂದೇ ಮನೆತನದಲ್ಲಿ ಮೂತ್ರದಲ್ಲಿ ರಕ್ತವೂ ಕಿವುಡುತನವೂ ಜೊತೆಯಾಗಿ ಇಳಿದುಬರುವುದನ್ನು ವರ್ಣಿಸಿದರು. 1990ರಲ್ಲಿ ಅದರ ಮುಖ್ಯ ಜೀನು ಪತ್ತೆಯಾಯಿತು. ಮೂತ್ರಪಿಂಡದ ಸೋಸುಪೊರೆಯಲ್ಲಿಯೂ ಒಳಗಿವಿಯಲ್ಲಿಯೂ ಇರುವ ಒಂದೇ ಬಗೆಯ ಕೊಲಾಜೆನ್ ಕೆಡುವುದೇ ಮೂಲವೆಂದು ತಿಳಿಯಿತು. ಅದಲ್ಲದೆ 1943ರಲ್ಲಿ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಿಗಳನ್ನು ಬದುಕಿಸಿತು, ಕೆಲವರ ಕಿವಿಯನ್ನೂ ಕಸಿಯಿತು. ಆ ಜಾತಿಯ ಔಷಧಗಳು ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದ್ದರಿಂದ, ಸೋತ ಮೂತ್ರಪಿಂಡದವರಲ್ಲಿ ಶೇಖರವಾಗಿ ಹೆಚ್ಚು ಹಾನಿ ಮಾಡುತ್ತವೆ. ನೆನ್ನೆಯವರೆಗೆ ಕೇಳುತ್ತಿದ್ದ ರೋಗಿ ಇಂದು "ಹಾಂ?" ಎಂದರೆ ದಾದಿ ಅದನ್ನು ವೈದ್ಯರಿಗೆ ಹೇಳಲೇಬೇಕು.

ನನ್ನ ಶಿಷ್ಯೆ ಇನ್ನೊಂದು ಮಾತು ಬರೆದಿದ್ದಳು: ಸನ್ನೆಭಾಷೆ ಕಲಿಯಲು ದಾದಿಯರಿಗೆ ಸಮಯವೆಲ್ಲಿ? ಇದಕ್ಕೆ ಮೇಷ್ಟರ ಲೆಕ್ಕವೊಂದನ್ನು ಕೊಡುತ್ತೇನೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ವರ್ಷಕ್ಕೆ 156 ಸಲ, 624 ಗಂಟೆ. ನಾನು ವಾರಕ್ಕೆ ಆರು ಅವಧಿಯಂತೆ, ಅವಧಿಗೆ ಮುಕ್ಕಾಲು ಗಂಟೆಯಂತೆ, ಮೂವತ್ತಾರು ವಾರ ಪಾಠ ಹೇಳಿದರೆ ಒಂದು ತರಗತಿಯ ಜೊತೆ ಕಳೆದದ್ದು 162 ಗಂಟೆ. ಅಷ್ಟರಲ್ಲಿ ನಿಮಗೆ ಹರಪ್ಪದಿಂದ ಹರ್ಷವರ್ಧನನವರೆಗೆ ಮುಟ್ಟಿಸುತ್ತಿದ್ದೆನಲ್ಲ! ಅಪಘಾತದ ವಾರ್ಡಿನ ದಾದಿಗೆ ಸಮಯವಿಲ್ಲವೆಂದರೆ ನಂಬುತ್ತೇನೆ. ಅಲ್ಲಿ ರೋಗಿ ಬಂದು ಹೋಗುತ್ತಾನೆ. ಆಸ್ಪತ್ರೆಯಲ್ಲಿ ಅದೇ ಮನುಷ್ಯ, ಅದೇ ಕುರ್ಚಿ, ಅದೇ ಮುಖಗಳು ವರ್ಷಗಟ್ಟಲೆ ಎದುರುಬದುರಾಗುವ ಜಾಗ ಡಯಾಲಿಸಿಸ್ ಕೋಣೆಯಂಥದು ಇನ್ನೊಂದಿಲ್ಲ. ಒಬ್ಬರೇ ದಾದಿ ಎಲ್ಲ ಗಂಟೆಯೂ ಒಬ್ಬರ ಬಳಿಯೇ ಇರಲಾರಳು, ನಿಜ. ಅದರ ಹತ್ತನೆಯ ಒಂದು ಪಾಲು ಸಿಕ್ಕರೂ 62 ಗಂಟೆ. ದಿನಕ್ಕೆರಡು ಸನ್ನೆ ಕಲಿತರೆ ವರ್ಷಕ್ಕೆ ಮುನ್ನೂರಕ್ಕೂ ಮೇಲೆ. ಕಲಿಸುವ ಗುರು ಎದುರಿಗೇ ಕುಳಿತಿರುತ್ತಾರೆ, ಅವರಿಗೂ ಹೊತ್ತು ಹೋಗಬೇಕು.

ಮನೆಯವರಿದ್ದಾರಲ್ಲ, ಅವರೇ ಹೇಳಲಿ ಎನ್ನುವುದು ಸುಲಭದ ದಾರಿ. ಬಹಳ ಸಲ ಅದು ಶಾಲೆ ತಪ್ಪಿಸಿ ಬಂದ ಮಗನೋ ಮಗಳೋ ಆಗಿರುತ್ತದೆ. ತಾಯಿಗೆ ಇನ್ನೆಷ್ಟು ದಿನವೆಂಬುದನ್ನು ಹನ್ನೆರಡು ವರ್ಷದ ಮಗು ತಾನೇ ಕೇಳಿಸಿಕೊಂಡು ತಾಯಿಗೆ ಕೈಯಲ್ಲಿ ತಿಳಿಸಬೇಕೆನ್ನುವುದು ನ್ಯಾಯವಲ್ಲ. ಮಗು ಹೇಳದೆ ಬಿಡುವುದೂ ಉಂಟು, ಬದಲಿಸಿ ಹೇಳುವುದೂ ಉಂಟು. ವಿಯೆನ್ನಾದ ಆ ಹುಡುಗ ಪ್ರೀತಿಯಿಂದ ಬಂದು ಕುಳಿತಿದ್ದ. ಅವನನ್ನು ಯಾರೂ ದುಭಾಷಿಯಾಗಿ ನೇಮಿಸಿರಲಿಲ್ಲ.

ನಮ್ಮ ದೇಶದಲ್ಲಿಯೂ ಆ ಎರಡು ಹೊಳೆಗಳು ತಡವಾಗಿಯಾದರೂ ಹರಿದಿವೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದದ್ದು 1965ರಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾದದ್ದು 1971ರಲ್ಲಿ. 2016ರ ಕೇಂದ್ರ ಆಯವ್ಯಯದಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮ ಘೋಷಣೆಯಾಯಿತು. ಬಡವರಿಗೆ ಅದು ಉಚಿತ. ಅದೇ ವರ್ಷದ ಡಿಸೆಂಬರಿನಲ್ಲಿ ಅಂಗವಿಕಲರ ಹಕ್ಕುಗಳ ಹೊಸ ಕಾಯಿದೆ ಬಂದು, ಸಂವಹನವೆಂದರೆ ಸನ್ನೆಯೂ ಸೇರಿದ್ದೆಂದು ವ್ಯಾಖ್ಯಾನಿಸಿತು. ಮೊದಲು ನಗರಗಳ ಹಣವಂತರಿಗಷ್ಟೇ ಎಟುಕುತ್ತಿದ್ದ ಯಂತ್ರ ಜಿಲ್ಲಾ ಕೇಂದ್ರಕ್ಕೆ ಬಂದಿದ್ದರಿಂದಲೇ ಹಳ್ಳಿಯ ಕಿವುಡ ರೋಗಿಯೂ ಅದರ ಬಳಿಗೆ ಬರುವಂತಾಯಿತು. ನನ್ನ ಶಿಷ್ಯೆಯ ದಿಗಿಲು ಒಂದು ರೀತಿಯಲ್ಲಿ ಪ್ರಗತಿಯ ಫಲ.

ದೆಹಲಿಯಲ್ಲಿ 2015ರಲ್ಲಿ ಸ್ಥಾಪಿತವಾದ ಭಾರತೀಯ ಸನ್ನೆಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದಿತು. 2021ರ ವೇಳೆಗೆ ಅದು 10,000 ಪದಗಳಿಗೆ ಬೆಳೆಯಿತು. ದೃಶ್ಯರೂಪದಲ್ಲಿರುವುದರಿಂದ ಫೋನಿನಲ್ಲಿಯೇ ನೋಡಿ ಕಲಿಯಬಹುದು. ಆದರೆ ನನ್ನ ವಿದ್ಯಾರ್ಥಿನಿಯರಿಗೆ ಒಂದು ಎಚ್ಚರಿಕೆ. ಕಿವುಡರ ಶಾಲೆಗೆ ಹೋಗದೆ ಹಳ್ಳಿಯಲ್ಲಿಯೇ ಬೆಳೆದವರಿಗೆ ಈ ನಿಘಂಟಿನ ಸನ್ನೆಗಳೂ ತಿಳಿಯವು. ಅವರ ಮನೆಯಲ್ಲಿ ಅವರೂ ಅವರ ತಾಯಿಯೂ ಸೇರಿ ಕಟ್ಟಿಕೊಂಡ ಸನ್ನೆಗಳೇ ಬೇರೆ. ಒಂದು ಮನೆಯಲ್ಲಿ ನೀರೆಂದರೆ ಬೊಗಸೆ, ಇನ್ನೊಂದರಲ್ಲಿ ಹೆಬ್ಬೆರಳನ್ನು ಬಾಯಿಗೆ ತೋರುವುದು, ಮತ್ತೊಂದರಲ್ಲಿ ಬಾವಿಯ ಹಗ್ಗ ಎಳೆಯುವಂತೆ ಕೈಯಾಡಿಸುವುದು. ಡಯಾಲಿಸಿಸ್ ರೋಗಿಗೆ ಹೇಳಿಕೊಡಬೇಕಾದ ಮೊದಲ ಪಾಠವೇ ನೀರಿನದಾದ್ದರಿಂದ, ಮೊದಲ ದಿನವೇ ಜೊತೆಗೆ ಬಂದವರಿಂದ ಆ ಮನೆಯ ನೀರಿನ ಸನ್ನೆಯನ್ನು ಕೇಳಿ ತಿಳಿದುಕೊಳ್ಳಿ. ಮರುಸಲ ಬರುವಾಗ ಅವರು ಮನೆಯಲ್ಲಿ ಕುಡಿಯುವ ಲೋಟವನ್ನೇ ತರಲು ಹೇಳಿ, ದಿನಕ್ಕೆ ಅಂಥವು ಎಷ್ಟೆಂದು ಬೆರಳು ಮಡಿಸಿ ತೋರಿಸಿ. ಆಮೇಲೆ ಅವರು ನಿಮಗೆ ತಿರುಗಿ ತೋರಿಸಲಿ.